ಬಾವಿ ನೀರು ತಾಮ್ರದ ಪೈಪನ್ನು ತಿನ್ನುತ್ತಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಪುತ್ತೂರಿನ ಹತ್ತಿರ ಅಡಿಕೆ ತೋಟದ ಮನೆ. ಮುರಕಲ್ಲಿನ ತೆರೆದ ಬಾವಿ, 40 ಅಡಿ ಆಳ. ನಾಲ್ಕು ವರ್ಷದ ಹಿಂದೆ ಮನೆ ಕಟ್ಟಿದಾಗ ಸೋಲಾರ್ ವಾಟರ್ ಹೀಟರ್ ಹಾಕಿಸಿ, ಬಿಸಿನೀರಿನ ಲೈನಿಗೆ ತಾಮ್ರದ ಪೈಪ್ ಎಳೆಸಿದೆವು. ಈಗ ಮೂರನೇ ಸಲ ಸೂಜಿ ಚುಚ್ಚಿದಷ್ಟು ತೂತು ಬಿದ್ದು ಸೋರುತ್ತಿದೆ. ಬಚ್ಚಲಿನ ಬಿಳಿ ಟೈಲ್ಸ್ ಮೇಲೆ ನಲ್ಲಿಯ ಕೆಳಗೆ ಹಸಿರು-ನೀಲಿ ಕಲೆ. ಪೈಪೇ ಸರಿ ಇಲ್ಲ ಅಂತ ಪ್ಲಂಬರ್ ಹೇಳುತ್ತಾರೆ. ಸಾಫ್ಟ್‌ನರ್ ಹಾಕಿ ಅಂತ ಅಂಗಡಿಯವರು. ಬಾವಿಗೆ ಸುಣ್ಣ ಹಾಕೋಣ ಅಂತ ಅಪ್ಪ. ನ್ಯೂಜೆರ್ಸಿಯಲ್ಲಿರುವ ತಂಗಿಯ ಮನೆ ಬಾವಿಗೂ ಇದೇ ತೊಂದರೆ ಇತ್ತಂತೆ, ಒಂದು ಟ್ಯಾಂಕ್ ಹಾಕಿಸಿದ ಮೇಲೆ ಸರಿಹೋಯಿತಂತೆ. ನಾವು ಏನು ಮಾಡಬೇಕು? ಈ ನೀರು ಕುಡಿಯಬಹುದಾ? ಅಮ್ಮ ದಿನಾ ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುತ್ತಾರೆ.

ಉತ್ತರ: ನಿಮ್ಮ ಬಚ್ಚಲಿನ ಆ ಕಲೆಗೆ ನಮ್ಮಲ್ಲಿ ಹಳೆಯ ಹೆಸರೇ ಇದೆ: ಕಿಲುಬು. ತಾಮ್ರದ ಹಂಡೆಯ ಕಂಠದಲ್ಲಿ, ದೇವರ ಕೋಣೆಯ ಪಂಚಪಾತ್ರೆಯ ಅಂಚಿನಲ್ಲಿ ಕಟ್ಟುವ ಹಸಿರು ಅದೇ. ಅದನ್ನು ತೆಗೆಯಲು ಹುಣಸೆ ಹಣ್ಣು ಹಚ್ಚಿ ತಿಕ್ಕುತ್ತೇವೆ, ಅಲ್ವಾ? ಹುಳಿ ತಗುಲಿದ ಕೂಡಲೇ ಮೇಲಿನ ಪದರ ಕರಗಿ ಒಳಗಿನ ಕೆಂಪು ತಾಮ್ರ ಹೊಳೆಯುತ್ತದೆ. ಹಾಗೆ ಹೊಳೆಯುವಾಗಲೆಲ್ಲ ತಾಮ್ರ ಒಂದಿಷ್ಟು ಸವೆದಿರುತ್ತದೆ. ನಿಮ್ಮ ಬಾವಿ ನೀರು ಪೈಪಿನ ಒಳಗೆ ಇದೇ ಕೆಲಸವನ್ನು ತುಂಬ ನಿಧಾನವಾಗಿ, ಹಗಲು ರಾತ್ರಿ ಮಾಡುತ್ತಿದೆ. ನೀವು ಬರೆದ ಲಕ್ಷಣ ನೋಡಿದರೆ ತಪ್ಪು ಪೈಪಿನದ್ದಲ್ಲ. ನೀರು ಹುಳಿ ಇದೆ. ನಾಲಿಗೆಗೆ ಗೊತ್ತಾಗದಷ್ಟು ಸಣ್ಣ ಹುಳಿ, ಆದರೆ ತಾಮ್ರಕ್ಕೆ ಅಷ್ಟು ಸಾಕು.

ಈ ಹುಳಿ ಎಲ್ಲಿಂದ ಬರುತ್ತದೆ? ಮಳೆಯಿಂದ ಮತ್ತು ಮಣ್ಣಿನಿಂದ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದ ಕಾರಣ ಶುದ್ಧ ಮಳೆ ನೀರಿನ ಪಿಎಚ್ಚೇ (ಹುಳಿ ಅಳೆಯುವ ಅಂಕ; 7 ಅಂದರೆ ಸಮ, ಅದಕ್ಕಿಂತ ಇಳಿದಷ್ಟೂ ಹುಳಿ) ಸುಮಾರು 5.6 ಇರುತ್ತದೆ. ಆ ನೀರು ತೋಟದ ಮಣ್ಣಿಗೆ ಇಳಿದಾಗ ಬೇರುಗಳೂ ಕೊಳೆಯುವ ಸೊಪ್ಪೂ ಬಿಟ್ಟ ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಸಿಗುತ್ತದೆ. ಮಣ್ಣಿನೊಳಗಿನ ಗಾಳಿಯಲ್ಲಿ ಅದು ಹೊರಗಿಗಿಂತ ಹತ್ತಾರು ಪಟ್ಟು ಜಾಸ್ತಿ. ಬೇರೆ ಊರುಗಳಲ್ಲಾದರೆ ಕೆಳಗಿನ ಕಲ್ಲು ಆ ಹುಳಿಯನ್ನು ಕಳೆಯುತ್ತದೆ. ಬಾಗಲಕೋಟೆ, ಕಲಬುರಗಿ ಕಡೆ ಸುಣ್ಣಕಲ್ಲಿದೆ, ಅಲ್ಲಿ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುವುದೇ ದೊಡ್ಡ ತಾಪತ್ರಯ. ನಿಮ್ಮಲ್ಲಿ ಕೆಳಗಿರುವುದು ಮುರಕಲ್ಲು. ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಮಳೆ ಲಕ್ಷಾಂತರ ವರ್ಷ ತೊಳೆದು ತೊಳೆದು, ಅದರಲ್ಲಿದ್ದ ಸುಣ್ಣದ ಅಂಶವೆಲ್ಲ ಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದ ಕಲ್ಲು ಅದು. ಘಟ್ಟದ ಮೇಲೆ ಇದನ್ನೇ ಜಂಬಿಟ್ಟಿಗೆ ಅನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಈ ಸೀಮೆಯನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟಾಗಲೂ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದವನ್ನೇ ತೆಗೆದುಕೊಂಡ. ನಮ್ಮ ಹೆಸರಿನಲ್ಲೂ ಇಟ್ಟಿಗೆ ಇದೆ ನೋಡಿ.

ಹಾಗಾಗಿ ನಿಮ್ಮ ಬಾವಿಗೆ ಬರುವ ನೀರು ಮೆದು, ಸ್ವಚ್ಛ, ಕುಡಿಯಲು ರುಚಿ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. ಆದರೆ ಹುಳಿಯನ್ನು ತಡೆಯುವ ಬೈಕಾರ್ಬೊನೇಟ್ ಅದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕರಾವಳಿಯ ಮುರಕಲ್ಲು ಬಾವಿಗಳಲ್ಲಿ ಪಿಎಚ್ 5.5ರಿಂದ 6.5ರ ನಡುವೆ ಸಿಗುವುದು ಮಾಮೂಲು. ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕ ಹೇಳುವುದು 6.5ರಿಂದ 8.5. ಪಿಎಚ್ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿತು ಅಂತ ಲೆಕ್ಕ, ಆದ್ದರಿಂದ 5.5ಕ್ಕೂ 6.5ಕ್ಕೂ ಇರುವ ಅಂತರ ಸಣ್ಣದಲ್ಲ.

ತಾಮ್ರ ನೀರಿನಲ್ಲಿ ಬಾಳುವುದು ತನ್ನ ಮೇಲೆ ತಾನೇ ಕಟ್ಟಿಕೊಳ್ಳುವ ತೆಳು ಪದರದಿಂದ. ಮೊದಲು ಕೆಂಪು ಆಕ್ಸೈಡ್, ಅದರ ಮೇಲೆ ನಿಧಾನವಾಗಿ ಕಪ್ಪು ಅಥವಾ ಹಸಿರು ಪದರ. ಅದು ಗಟ್ಟಿಯಾಗಿ ಕೂತರೆ ಪೈಪು ಐವತ್ತು ವರ್ಷ ಬಂದರೂ ಆಶ್ಚರ್ಯವಿಲ್ಲ. ಹುಳಿ ನೀರಿನಲ್ಲಿ ಆ ಪದರ ನಿಲ್ಲುವುದೇ ಇಲ್ಲ. ಸೋಲಾರ್ ಲೈನಿನಲ್ಲಿ ಕಾಟ ಜಾಸ್ತಿ ಆಗಲು ಕಾರಣವೂ ಇದೆ: ಬಿಸಿಲಿರುವ ದಿನ ನೀರು 60 ಡಿಗ್ರಿ ದಾಟುತ್ತದೆ, ಬಿಸಿಯಲ್ಲಿ ಈ ಕ್ರಿಯೆ ಚುರುಕು, ಮತ್ತು ರಾತ್ರಿ ಇಡೀ ಅದೇ ನೀರು ಪೈಪಿನಲ್ಲಿ ನಿಂತಿರುತ್ತದೆ.

ನಿಮ್ಮ ಪ್ಲಂಬರ್ ಮಾತನ್ನೂ ಒಮ್ಮೆ ಪರೀಕ್ಷೆ ಮಾಡೋಣ. ಮುಂದಿನ ಸಲ ಸೋರಿದ ತುಂಡನ್ನು ಕತ್ತರಿಸಿದಾಗ ಎಸೆಯಬೇಡಿ. ಉದ್ದಕ್ಕೆ ಸೀಳಿಸಿ, ಬಿಸಿಲಿನಲ್ಲಿ ಹಿಡಿದು ಒಳಗೆ ನೋಡಿ. ಒಳಮೈ ಎಲ್ಲ ಕಡೆ ಹೊಸ ತಾಮ್ರದ ಹಾಗೆ ಕೆಂಪಗೆ ಬೋಳಾಗಿ, ಗೋಡೆ ತೆಳುವಾಗಿದ್ದರೆ ನೀರಿನ ಹುಳಿಯೇ ಕಾರಣ. ಅಲ್ಲಲ್ಲಿ ಹಸಿರು ಗಂಟು ಎದ್ದು, ಉಗುರಿನಿಂದ ಕೆರೆದರೆ ಕೆಳಗೆ ಗುಳಿ ಕಂಡರೆ ಅದೂ ನೀರಿನ ಕಡೆಗೇ ಬೆರಳು ತೋರಿಸುತ್ತದೆ. ಆದರೆ ಎಲ್ಬೋ ಆದ ಕೂಡಲೇ ಕುದುರೆ ಲಾಳದ ಆಕಾರದ ಸವೆತ ಸಾಲಾಗಿದ್ದರೆ ನೀರಿನ ವೇಗ ಅತಿಯಾಗಿದೆ: ಪೈಪ್ ಸಣ್ಣದು, ಅಥವಾ ಪ್ರೆಷರ್ ಪಂಪ್ ದೊಡ್ಡದು. ಬೆಸುಗೆಯ ಹತ್ತಿರ, ಪೈಪಿನ ತಳದಲ್ಲಿ ಗೆರೆ ಎಳೆದಂತೆ ತಿಂದಿದ್ದರೆ ಬೆಸೆಯುವಾಗ ಹಚ್ಚಿದ ಫ್ಲಕ್ಸ್ ಜಾಸ್ತಿಯಾಗಿ ಒಳಗೆ ಹರಿದಿದೆ. ಕೊನೆಯ ಎರಡರಲ್ಲಿ ನೀರಿಗೆ ಏನು ಮಾಡಿದರೂ ಸೋರುವುದು ನಿಲ್ಲದು, ಹಾಗಾಗಿ ಈ ತುಂಡನ್ನು ನೋಡದೆ ಖರ್ಚು ಮಾಡಬೇಡಿ. ತಾಮ್ರದ ಪೈಪಿಗೆ ನೇರವಾಗಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಜೋಡಿಸಿದ್ದಾರಾ ಅಂತಲೂ ನೋಡಿ. ನೀರಿನಲ್ಲಿ ಕರಗಿ ಬಂದ ತಾಮ್ರ ಮುಂದಿನ ಜಿಐ ಪೈಪನ್ನು ಬಹಳ ಬೇಗ ತೂತು ಮಾಡುತ್ತದೆ. ಮನೆಯ ಅರ್ಥಿಂಗ್ ತಂತಿಯನ್ನು ನೀರಿನ ಪೈಪಿಗೆ ಸುತ್ತಿದ್ದರೆ ಇವತ್ತೇ ತೆಗೆಸಿ ಸರಿಯಾದ ಅರ್ಥಿಂಗ್ ಗುಂಡಿಗೆ ಕೊಡಿಸಿ.

ಈಗ ನೀರಿನ ಪರೀಕ್ಷೆ. ಇಲ್ಲಿ ಸುಮಾರು ಜನ ಒಂದು ತಪ್ಪು ಮಾಡುತ್ತಾರೆ. ಅರ್ಧ ತುಂಬಿದ ಬಾಟಲಿಯಲ್ಲಿ ನೀರು ಹಿಡಿದು, ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ಮರುದಿನ ಲ್ಯಾಬಿಗೆ ಕೊಡುತ್ತಾರೆ. ಅಷ್ಟರಲ್ಲಿ ಕರಗಿದ್ದ ಅನಿಲ ಹಾರಿಹೋಗಿ ಪಿಎಚ್ ಏರಿರುತ್ತದೆ, ವರದಿಯಲ್ಲಿ ಎಲ್ಲ ಸರಿ ಅಂತ ಬರುತ್ತದೆ. ಪಿಎಚ್ ಅನ್ನು ಬಾವಿಕಟ್ಟೆಯಲ್ಲೇ ನೋಡಬೇಕು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಹಾಕುವ ಪಿಎಚ್ ಕಿಟ್ ಸಾಕು. ಹನಿ ಹಾಕಿದಾಗ ಹಳದಿ ಬಂದರೆ ಪಿಎಚ್ ಸುಮಾರು 6 ಅಥವಾ ಅದಕ್ಕೂ ಕೆಳಗೆ, ಹಸಿರು ಬಂದರೆ 7ರ ಆಸುಪಾಸು, ನೀಲಿ ಬಂದರೆ 7.6ರ ಹತ್ತಿರ. ನಿಮ್ಮಂಥ ಮೆದು ನೀರಿಗೆ ಕಾಗದದ ಪಟ್ಟಿಗಿಂತ ಇದೇ ನಂಬಿಕಸ್ತ.

ಹಾಗೇ ಇನ್ನೊಂದು ಸಣ್ಣ ಪ್ರಯೋಗ ಮಾಡಿ. ಬಾವಿಯಿಂದ ಆಗ ತಾನೇ ಸೇದಿದ ನೀರಿನಲ್ಲಿ ಒಮ್ಮೆ ಪಿಎಚ್ ನೋಡಿ. ಮತ್ತೆ ಅದೇ ನೀರನ್ನು ಎರಡು ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಆರಿಸಿದ ಹಾಗೆ ಎತ್ತರದಿಂದ ಇಪ್ಪತ್ತು ಮೂವತ್ತು ಸಲ ಎತ್ತಿ ಹೊಯ್ಯಿರಿ. ಪುನಃ ಹನಿ ಹಾಕಿ. ಹಳದಿ ಇದ್ದದ್ದು ಹಸಿರಿಗೆ ತಿರುಗಿದರೆ ಹುಳಿಯ ಬಹುಪಾಲು ಕರಗಿದ ಇಂಗಾಲದ ಡೈಆಕ್ಸೈಡಿನದ್ದೇ. ಆಗ ನಿಮ್ಮ ಅರ್ಧ ಕೆಲಸ ಗಾಳಿಯೇ ಮಾಡಿಕೊಡುತ್ತದೆ. ಬಣ್ಣ ಬದಲಾಗದಿದ್ದರೆ ಮುಂದೆ ಹೇಳುವ ಸುಣ್ಣಕಲ್ಲನ್ನೇ ಪೂರ್ತಿ ನಂಬಬೇಕು.

ಉಳಿದದ್ದನ್ನು ಲ್ಯಾಬಿನಲ್ಲಿ ಮಾಡಿಸಿ: ಕ್ಷಾರತೆ (ಹುಳಿಯನ್ನು ತಡೆಯುವ ಶಕ್ತಿ), ಗಡಸುತನ, ಕಬ್ಬಿಣ, ಕ್ಲೋರೈಡ್, ಜೊತೆಗೆ ತಾಮ್ರ ಮತ್ತು ಸೀಸ. ತಾಮ್ರ ಮತ್ತು ಸೀಸಕ್ಕೆ ಮಾತ್ರ ನೀರು ಹಿಡಿಯುವ ಕ್ರಮ ಬೇರೆ. ರಾತ್ರಿ ಇಡೀ ಯಾರೂ ನಲ್ಲಿ ತಿರುಗಿಸಬಾರದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬರುವ ಮೊದಲ ಲೀಟರನ್ನೇ ಹಿಡಿಯಬೇಕು. ಪೈಪು ಎಷ್ಟು ಕರಗುತ್ತಿದೆ ಎಂಬುದು ಆ ಮೊದಲ ಲೀಟರಿನಲ್ಲೇ ಗೊತ್ತಾಗುವುದು.

ಮೂವರೂ ಹೇಳಿದ ಪರಿಹಾರಕ್ಕೆ ಬರೋಣ. ಸಾಫ್ಟ್‌ನರ್ ಬೇಡವೇ ಬೇಡ. ಅದು ಗಡಸು ನೀರಿನ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುವ ಯಂತ್ರ. ನಿಮ್ಮ ನೀರಿನಲ್ಲಿ ತೆಗೆಯಲು ಕ್ಯಾಲ್ಸಿಯಮ್ಮೇ ಇಲ್ಲ, ಮತ್ತು ಅದು ಪಿಎಚ್ ಏರಿಸುವುದಿಲ್ಲ. ಕೋಲಾರ, ಬೆಂಗಳೂರಿನ ಬೋರ್‌ವೆಲ್ಲಿಗೆ ಸರಿಯಾದ ವಸ್ತುವನ್ನು ನಿಮಗೆ ಮಾರಲು ನೋಡುತ್ತಿದ್ದಾರೆ. ಇಡೀ ಮನೆಗೆ ಆರ್‌ಒ ಹಾಕಿದರಂತೂ ಇದ್ದ ಸ್ವಲ್ಪ ಲವಣವೂ ಹೋಗಿ ನೀರು ಇನ್ನಷ್ಟು ತಾಮ್ರ ತಿನ್ನುತ್ತದೆ. ಪೈಪಿಗೆ ಸುತ್ತುವ ಆಯಸ್ಕಾಂತಕ್ಕೆ ಹಣ ಕೊಡಬೇಡಿ, ಅದರಿಂದ ಹುಳಿ ಹೋಗುವುದಿಲ್ಲ.

ನಿಮ್ಮ ಅಪ್ಪ ಹೇಳಿದ್ದು ದಿಕ್ಕಿನಲ್ಲಿ ಸರಿ. ಹುಳಿಗೆ ಮದ್ದು ಸುಣ್ಣವೇ. ಆದರೆ ಸುಟ್ಟ ಸುಣ್ಣವನ್ನು ಬಾವಿಗೆ ಸುರಿಯುವ ಕ್ರಮದಲ್ಲಿ ಎರಡು ತೊಂದರೆ. ಹಾಕಿದ ವಾರ ಪಿಎಚ್ 10, 11ಕ್ಕೆ ಹಾರಬಹುದು. ಆ ನೀರು ಕಣ್ಣಿಗೂ ಚರ್ಮಕ್ಕೂ ಉರಿ, ಕುಡಿಯಲು ಆಗದು. ಆಮೇಲೆ ಊಟೆಯಿಂದ ಹೊಸ ನೀರು ಬಂದ ಹಾಗೆ ಸುಣ್ಣ ತೊಳೆದುಹೋಗಿ ಮೊದಲಿನ ಸ್ಥಿತಿಗೇ ಬರುತ್ತದೆ. ಮಳೆಗಾಲದಲ್ಲಿ ಬಾವಿ ದಿನಕ್ಕೆ ಎಷ್ಟು ತುಂಬಿ ಹರಿಯುತ್ತದೆ ಅಂತ ನಿಮಗೇ ಗೊತ್ತು. ಬಾವಿಗೆ ನೆಲ್ಲಿ ಕೊರಡು ಹಾಕುವ ಪದ್ಧತಿಯೂ ಇದೆ. ಮರದಲ್ಲಿ ಕಾರ್ಬೊನೇಟ್ ಇಲ್ಲವಾದ್ದರಿಂದ ಈ ತೊಂದರೆಗೆ ಅದು ಆಗದು.

ಸರಿಯಾದ ದಾರಿ ನಿಮ್ಮ ತಂಗಿ ಹೇಳಿದ್ದು. ನ್ಯೂಜೆರ್ಸಿಯ ದಕ್ಷಿಣ ಭಾಗದಲ್ಲಿ ಮರಳು ನೆಲದ ಬಾವಿ ನೀರೂ ಹೀಗೇ ಹುಳಿ, ಮತ್ತು ಅಲ್ಲಿ ಮನೆಯೊಳಗಿನ ಪೈಪು ಹೆಚ್ಚಾಗಿ ತಾಮ್ರದ್ದೇ. ಸ್ವಂತ ಬಾವಿ ಇರುವ ಮನೆ ಮಾರುವಾಗ ಪಿಎಚ್, ಸೀಸ ಮುಂತಾದವನ್ನು ಪರೀಕ್ಷೆ ಮಾಡಿಸಲೇಬೇಕು ಎಂಬ ಕಾನೂನು ಆ ರಾಜ್ಯದಲ್ಲಿ 2002ರಿಂದ ಜಾರಿಯಲ್ಲಿದೆ. ಅಂಥ ಮನೆಗಳಲ್ಲಿ ಪಂಪಿನ ಪಕ್ಕ ಒಂದು ಎತ್ತರದ ಟ್ಯಾಂಕ್ ನಿಂತಿರುತ್ತದೆ. ಅದರೊಳಗೆ ಕ್ಯಾಲ್ಸೈಟ್, ಅಂದರೆ ಸುಡದ ಸುಣ್ಣಕಲ್ಲಿನ ಕಾಳು. ಹುಳಿ ನೀರು ಅದರ ಮೂಲಕ ಹಾದಾಗ ಕಲ್ಲು ಸ್ವಲ್ಪ ಕರಗಿ ಬೈಕಾರ್ಬೊನೇಟ್ ಆಗುತ್ತದೆ. ಹುಳಿ ತೀರಿದ ಮೇಲೆ ಕಲ್ಲು ಕರಗುವುದೂ ನಿಲ್ಲುತ್ತದೆ. ನನಗೆ ಈ ವಿಧಾನ ಇಷ್ಟವಾಗುವುದೇ ಇದಕ್ಕೆ. ಅಳತೆ ತಪ್ಪಿ ಜಾಸ್ತಿಯಾಯಿತು ಎಂಬ ಭಯವಿಲ್ಲ, ಕರೆಂಟ್ ಬೇಡ, ದಿನಾ ನೋಡುವ ಕೆಲಸವೂ ಇಲ್ಲ.

ಆದರೆ ಅವರ ಟ್ಯಾಂಕನ್ನು ಹಾಗೇ ತಂದು ನಿಮ್ಮ ಪಂಪಿನ ಲೈನಿಗೆ ಕೂರಿಸಿದರೆ ಸಾಲದು. ನಮ್ಮ ಪಂಪು ಮಿನಿಟಿಗೆ ನಲವತ್ತು ಐವತ್ತು ಲೀಟರ್ ಎತ್ತಿ ಟ್ಯಾಂಕಿಗೆ ಹೊಡೆಯುತ್ತದೆ. ಆ ರಭಸದಲ್ಲಿ ನೀರಿಗೂ ಕಲ್ಲಿಗೂ ಒಂದು ನಿಮಿಷದ ಸಹವಾಸವೂ ಸಿಗುವುದಿಲ್ಲ. ನಮ್ಮಲ್ಲಿ ಟ್ಯಾಂಕಿನಿಂದ ಟ್ಯಾಂಕಿಗೆ ನಿಧಾನವಾಗಿ ಇಳಿಸುವುದು ಒಳ್ಳೆಯದು. ಹೀಗೆ ಮಾಡಿಸಿ. ಪಂಪಿನ ನೀರು ಮೇಲಿನ ಟ್ಯಾಂಕಿಗೆ ಬೀಳುವ ಬಾಯಿಗೆ ಶವರಿನಂಥ ತೂತಿನ ಪೈಪು ಕೊಡಿ. ನೀರು ಹನಿಹನಿಯಾಗಿ ಎರಡು ಅಡಿಯಾದರೂ ಗಾಳಿಯಲ್ಲಿ ಬೀಳಲಿ. ಅನಿಲ ಹೊರಹೋಗಲು ಟ್ಯಾಂಕಿನ ಮೇಲೆ ಕಿಂಡಿ ಬೇಕು, ಸೊಳ್ಳೆ ಹೋಗದ ಹಾಗೆ ಬಲೆ ಕಟ್ಟಿ. ಅಲ್ಲಿಂದ ಒಂದು ಮೀಟರ್ ಕೆಳಗೆ ಆಹಾರಕ್ಕೆ ಬಳಸುವ ದರ್ಜೆಯ ನೂರು ಲೀಟರಿನ ಡ್ರಮ್. ನೀರು ಡ್ರಮ್ಮಿನ ತಳದಿಂದ ಒಳಗೆ ಬಂದು, ಸುಣ್ಣಕಲ್ಲಿನ ಮೂಲಕ ಮೇಲೇರಿ, ಮೇಲಿನ ತೂಬಿನಿಂದ ಎರಡನೇ ಟ್ಯಾಂಕಿಗೆ ಹೋಗಲಿ. ಆ ಟ್ಯಾಂಕಿನಲ್ಲಿ ಫ್ಲೋಟ್ ವಾಲ್ವ್ ಇರಲಿ. ಮನೆಗೂ ಸೋಲಾರಿಗೂ ನೀರು ಆ ಎರಡನೇ ಟ್ಯಾಂಕಿನಿಂದ. ಫ್ಲೋಟ್ ಮುಚ್ಚಿದಾಗ ಡ್ರಮ್ಮಿನ ನೀರು ಮೇಲಿನ ಟ್ಯಾಂಕಿನ ಮಟ್ಟಕ್ಕೆ ಏರಲು ನೋಡುತ್ತದೆ, ಅದಕ್ಕೆ ಡ್ರಮ್ಮಿನ ಮುಚ್ಚಳ ಬಿಗಿಯಾಗಿ, ಸೋರದ ಹಾಗೆ ಇರಬೇಕು.

ಲೆಕ್ಕ ಹೇಳುತ್ತೇನೆ. ಡ್ರಮ್ಮಿನಲ್ಲಿ ತಳಕ್ಕೆ ನಾಲ್ಕು ಬೆರಳು ಬೆಣಚುಕಲ್ಲು, ಮೇಲೆ ಒಂದರಿಂದ ಮೂರು ಮಿಲಿಮೀಟರಿನ ಕ್ಯಾಲ್ಸೈಟ್ ಕಾಳು 60 ಕೆಜಿ. ಅದು ನಲವತ್ತು ಲೀಟರಿನಷ್ಟು ಜಾಗ ಹಿಡಿಯುತ್ತದೆ. ವಾಲ್ವ್ ತಿರುಗಿಸಿ ಹರಿವನ್ನು ಮಿನಿಟಿಗೆ ಮೂರರಿಂದ ನಾಲ್ಕು ಲೀಟರಿಗೆ ಇಳಿಸಿದರೆ ನೀರಿಗೆ ಹತ್ತು ಹನ್ನೆರಡು ನಿಮಿಷದ ಸಹವಾಸ ಸಿಗುತ್ತದೆ. ದಿನಕ್ಕೆ 1000 ಲೀಟರ್ ಬೇಕಾದರೆ ನಾಲ್ಕೈದು ಗಂಟೆಯಲ್ಲಿ ಇಳಿಯಿತು. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಕಳೆಯಲು ಸುಮಾರು 2.3 ಗ್ರಾಂ ಸುಣ್ಣಕಲ್ಲು ಬೇಕು. ಗಾಳಿ ಕೊಟ್ಟ ಮೇಲೂ ಲೀಟರಿಗೆ 30 ಮಿಲಿಗ್ರಾಂ ಉಳಿದಿದೆ ಅಂದುಕೊಂಡರೂ ದಿನಕ್ಕೆ ಕರಗುವುದು 70 ಗ್ರಾಂ ಆಸುಪಾಸು, ವರ್ಷಕ್ಕೆ 25 ಕೆಜಿ. ಗಡಸುತನ ಲೀಟರಿಗೆ 70 ಮಿಲಿಗ್ರಾಂನಷ್ಟು ಏರುತ್ತದೆ. ಮಾನಕದಲ್ಲಿ ಒಪ್ಪಿದ ಮಟ್ಟವೇ 200, ಆದ್ದರಿಂದ ಹೀಟರಿನಲ್ಲಿ ಹೊಪ್ಪಳೆ ಕಟ್ಟುವ ಚಿಂತೆ ಬೇಡ. ಎರಡನೇ ಟ್ಯಾಂಕಿನಲ್ಲಿ ಪಿಎಚ್ 7.2ರಿಂದ 8ರ ಒಳಗೆ ಸಿಕ್ಕಿದರೆ ಗೆದ್ದಂತೆ.

ಕಲ್ಲು ಕೊಳ್ಳುವಾಗ ಮೋಸ ಹೋಗಬೇಡಿ. ಬೆಳ್ಳಗಿದ್ದದ್ದೆಲ್ಲ ಸುಣ್ಣಕಲ್ಲಲ್ಲ. ಜೇಬಿನಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು ಹೋಗಿ. ಒಂದು ಕಾಳನ್ನು ಪುಡಿ ಮಾಡಿ ಎರಡು ಹನಿ ರಸ ಹಿಂಡಿ. ಸಣ್ಣ ಸಣ್ಣ ಗುಳ್ಳೆ ಎದ್ದು ನೊರೆ ಬಂದರೆ ಸುಣ್ಣಕಲ್ಲು. ಸುಮ್ನೆ ಒದ್ದೆಯಾಗಿ ಕೂತರೆ ಅದು ಬೆಣಚುಕಲ್ಲು, ನೂರು ವರ್ಷ ಇಟ್ಟರೂ ಪಿಎಚ್ ಏರದು. ನೀರು ಶುದ್ಧೀಕರಣಕ್ಕೆಂದೇ ಮಾರುವ ಕ್ಯಾಲ್ಸೈಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕಡಲ ಚಿಪ್ಪೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ, ಜಜ್ಜಿ ಹಾಕಿದರೆ ಕೆಲಸ ಮಾಡುತ್ತದೆ. ಮಾಂಸದ ಚೂರು ಉಳಿದರೆ ಮಾತ್ರ ನೀರು ನಾರುತ್ತದೆ.

ಮೊದಲ ದಿನ ನೀರು ಹಾಲಿನಂತೆ ಬರುತ್ತದೆ, ತಿಳಿಯಾಗುವವರೆಗೆ ತೋಟಕ್ಕೆ ಬಿಡಿ. ನಿಮ್ಮ ನಿಜವಾದ ಶತ್ರು ಕಬ್ಬಿಣ. ಮುರಕಲ್ಲಿನ ನೀರಿನ ಕಬ್ಬಿಣ ಗಾಳಿ ತಗುಲಿದ ಮೇಲೆ ಕೆಂಪು ಕೆಸರಾಗಿ ಕಾಳಿನ ಮೇಲೆ ಕೂರುತ್ತದೆ, ಕಲ್ಲು ನೀರಿಗೆ ಸಿಗದಂತಾಗುತ್ತದೆ. ಡ್ರಮ್ಮಿನ ತಳಕ್ಕೆ ದೊಡ್ಡ ಡ್ರೈನ್ ವಾಲ್ವ್ ಇಡಿಸಿ, ತಿಂಗಳಿಗೊಮ್ಮೆ ರಭಸದಿಂದ ಬಿಟ್ಟು ತೊಳೆಯಿರಿ. ಲ್ಯಾಬ್ ವರದಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ದಾಟಿದ್ದರೆ ಡ್ರಮ್ಮಿಗೆ ಮೊದಲು ಒಂದು ಮರಳು ಫಿಲ್ಟರ್ ಬೇಕೇ ಬೇಕು. ಕಾಳು ಮೂರನೇ ಒಂದು ಪಾಲು ತಗ್ಗಿದಾಗ ಮೇಲೆ ತುಂಬಿಸಿ.

ಬಾವಿಯ ಪಿಎಚ್ 5.5ಕ್ಕಿಂತಲೂ ಕೆಳಗಿದ್ದರೆ ಸುಣ್ಣಕಲ್ಲು ಒಂದೇ ಸಾಲದೆ ಹೋಗಬಹುದು. ಆಗ ಕಾಳಿಗೆ ಸ್ವಲ್ಪ ಮೆಗ್ನೀಷಿಯಂ ಆಕ್ಸೈಡ್ ಬೆರೆಸುವುದು ಅಥವಾ ಸಣ್ಣ ಡೋಸಿಂಗ್ ಪಂಪಿನಲ್ಲಿ ಸೋಡಾ ಆ್ಯಶ್ ಕೊಡುವುದು ಇದೆ. ಇವೆರಡರಲ್ಲೂ ಅಳತೆ ತಪ್ಪಿದರೆ ಪಿಎಚ್ ಮೇಲಕ್ಕೆ ಹಾರುತ್ತದೆ, ತಿಳಿದವರನ್ನು ಕರೆಸಿಯೇ ಮಾಡಿಸಿ. ನಿಮ್ಮ ತೋಟದಲ್ಲಿ ಬೋರ್‌ವೆಲ್ ಇದ್ದರೆ ಅದರ ನೀರನ್ನೂ ಪರೀಕ್ಷೆ ಮಾಡಿಸಿ. ಆಳದ ಗಟ್ಟಿ ಕಲ್ಲಿನ ನೀರಿನಲ್ಲಿ ಕ್ಷಾರತೆ ಚೆನ್ನಾಗಿರುವುದುಂಟು. ಮೇಲಿನ ಟ್ಯಾಂಕಿನಲ್ಲಿ ಎರಡನ್ನೂ ಬೆರೆಸಿದರೆ ಹುಳಿ ಎಷ್ಟೋ ಕಳೆಯುತ್ತದೆ.

ಒಂದು ಮಾತು ಈಗಲೇ ಹೇಳಿಬಿಡಬೇಕು. ನೀರು ಸರಿಯಾದ ಮರುದಿನವೇ ಸೋರುವುದು ನಿಲ್ಲುವುದಿಲ್ಲ. ಈಗಾಗಲೇ ತೆಳುವಾದ ಪೈಪು ಮತ್ತೆ ದಪ್ಪವಾಗದು, ಹೊಸ ಪದರ ಕೂರಲು ತಿಂಗಳುಗಳೇ ಬೇಕು. ಮೂರು ಸಲ ಸೋರಿದ ಲೈನನ್ನು ಬದಲಿಸುವುದೇ ಲೇಸು, ಮತ್ತು ಅಲ್ಲಿ ತಾಮ್ರವೇ ಬೇಕೆಂದಿಲ್ಲ. ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು, ಅಂದರೆ ಸಿಪಿವಿಸಿ ಅಥವಾ ಪಿಪಿಆರ್ ಹಾಕಿಸಿ. ಸೋಲಾರ್ ಫಲಕದೊಳಗಿನ ತಾಮ್ರದ ಕೊಳವೆಗಳನ್ನು ಬದಲಿಸುವುದು ಕಷ್ಟ, ಗ್ಯಾಸ್ ಗೀಸರಿನೊಳಗಿನ ಸುರುಳಿಯೂ ಹಾಗೆಯೇ. ಅವುಗಳನ್ನು ಉಳಿಸಿಕೊಳ್ಳಲು ನೀರಿನ ಚಿಕಿತ್ಸೆ ಬೇಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ದಿನ ಸೋಲಾರಿನ ವಾಲ್ವ್ ಮುಚ್ಚಿಡಿ, ಕ್ಲೋರಿನ್ ವಾಸನೆ ಹೋದ ಮೇಲೆ ತೆರೆಯಿರಿ.

ಕುಡಿಯುವ ವಿಷಯ. ನಮ್ಮ ಮಾನಕದಲ್ಲಿ ತಾಮ್ರಕ್ಕೆ ಬಯಸುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ವಿಶ್ವ ಆರೋಗ್ಯ ಸಂಸ್ಥೆ 2 ಮಿಲಿಗ್ರಾಂ ಅನ್ನುತ್ತದೆ. ಅದಕ್ಕಿಂತ ತುಂಬ ಜಾಸ್ತಿಯಾದರೆ ಹೊಟ್ಟೆ ತೊಳಸುವುದು, ವಾಂತಿ, ಭೇದಿ. ತಾಮ್ರ ದೇಹದಲ್ಲಿ ಶೇಖರವಾಗುವ ವಿಲ್ಸನ್ ಕಾಯಿಲೆ ಇರುವವರು ಅಷ್ಟಕ್ಕೂ ಕಾಯಬಾರದು. ನನಗೆ ತಾಮ್ರಕ್ಕಿಂತ ಹೆಚ್ಚು ಹೆದರಿಕೆ ಸೀಸದ್ದು. ಹಿತ್ತಾಳೆ ನಲ್ಲಿ, ವಾಲ್ವ್, ಹಳೆಯ ಬೆಸುಗೆಗಳಲ್ಲಿ ಸೀಸ ಇರಬಹುದು, ಹುಳಿ ನೀರು ಅದನ್ನೂ ಎಳೆದು ತರುತ್ತದೆ, ಮತ್ತು ಅದು ಬಣ್ಣ ರುಚಿ ಏನನ್ನೂ ತೋರಿಸುವುದಿಲ್ಲ. ಅದಕ್ಕೇ ಇವತ್ತಿನಿಂದಲೇ ಬಿಸಿನೀರಿನ ನಲ್ಲಿಯಿಂದ ಅಡುಗೆಗೆ, ಕುಡಿಯಲು ನೀರು ಹಿಡಿಯುವುದನ್ನು ಬಿಡಿ. ಬೇಗ ಕುದಿಯಲಿ ಅಂತ ಸೋಲಾರ್ ನೀರನ್ನು ಅನ್ನಕ್ಕೆ ಇಡುವ ಅಭ್ಯಾಸ ತುಂಬ ಮನೆಗಳಲ್ಲಿದೆ. ಮಗುವಿನ ರಾಗಿ ಸರಿಗಂತೂ ಬೇಡವೇ ಬೇಡ. ತಣ್ಣೀರಿನ ನಲ್ಲಿಯನ್ನೂ ಬೆಳಿಗ್ಗೆ ಒಂದು ನಿಮಿಷ ಬಿಟ್ಟು, ಆ ನೀರನ್ನು ಗಿಡಕ್ಕೆ ಹಾಕಿ, ಆಮೇಲೆ ಹಿಡಿಯಿರಿ.

ಇನ್ನು ಅಮ್ಮನ ಚೊಂಬು. ತಾಮ್ರದ ಪಾತ್ರೆಯಲ್ಲಿ ರಾತ್ರಿ ಇಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ ಎಂಬುದು ನಿಜ, ಅವರ ನಂಬಿಕೆ ಸುಳ್ಳಲ್ಲ. ಆದರೆ ಹುಳಿ ತಾಮ್ರಕ್ಕೆ ಆಗದು ಅಂತ ಹಿರಿಯರಿಗೂ ಗೊತ್ತಿತ್ತು. ಸಾರು, ಮಜ್ಜಿಗೆ ಇಡುವ ಪಾತ್ರೆಗೆ ಕಲಾಯಿ ಹಾಕಿಸದೆ ಬಳಸುತ್ತಿರಲಿಲ್ಲ. ನಿಮ್ಮ ಬಾವಿಯ ಈಗಿನ ನೀರು ಆ ಸಾಲಿಗೇ ಸೇರಿದ್ದು. ಎರಡನೇ ಟ್ಯಾಂಕಿನ ನೀರಿನಲ್ಲಿ ಹನಿ ಹಾಕಿದಾಗ ಬಣ್ಣ ಹಸಿರು ದಾಟಿ ನೀಲಿಗೆ ತಿರುಗುವವರೆಗೆ ಅವರು ಸ್ಟೀಲ್ ಚೊಂಬಿನಲ್ಲಿ ನೀರಿಟ್ಟುಕೊಳ್ಳಲಿ. ಆಮೇಲೆ ತಾಮ್ರದ ಚೊಂಬಿನಲ್ಲಿ ರಾತ್ರಿ ಇಟ್ಟ ನೀರನ್ನೇ ಒಂದು ಬಾಟಲಿ ತುಂಬಿ ಲ್ಯಾಬಿನಲ್ಲಿ ತಾಮ್ರ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಅಮ್ಮನ ಕೈಗೇ ಕೊಡಿ.